ಕೊರಳಲ್ಲಿದ್ದದ್ದು

ನೀರಿಗಿಳಿಯುವ ಮುನ್ನ ಕೊರಳಲ್ಲಿರುವುದನ್ನೆಲ್ಲ ತೆಗೆದಿಡಬೇಕು ಎಂದು ಸ್ಕೂಬಾ ಕಲಿಸುವ ಬಂಗಾಳಿ ಹೆಣ್ಣುಮಗಳು ಹಿಂದಿಯಲ್ಲಿ ಹೇಳಿದ್ದೇ ತಡ, ಮಹೇಶ್ವರಪ್ಪನವರಿಗೆ ಹೋದ ಜೀವ ಬಂದಂತಾಯಿತು. ಅಂಡಮಾನಿನ ಈ ನೀಲ್ ದ್ವೀಪದಲ್ಲಿ ಕಾಲಿಟ್ಟಾಗಿನಿಂದ ಹೆಂಡತಿ ಸಮುದ್ರದಾಳಕ್ಕೆ ಇಳಿಯದಂತೆ ತಡೆಯಲು ಅವರು ಹೂಡಿದ ಆಟಗಳೆಲ್ಲ ನೆಲಕಚ್ಚಿದ್ದವು. ಈಜು ಬರುವುದಿಲ್ಲವಲ್ಲ ಎಂದರೆ, ಬೇಕಿಲ್ಲವಂತೆ, ಕೈ ಹಿಡಿದು ಕರೆದೊಯ್ಯುತ್ತಾರಂತೆ ಎಂದಳು. ವಯಸ್ಸಾಯಿತು ಎಂದರೆ, ನಿಮಗಿಂತ ಚಿಕ್ಕವಳು ಎಂದಳು. ಸೊರಬದ ಬೀಗರು ಏನಂದಾರು ಎಂದರೆ, ಅವರನ್ನೂ ಕರೆತರಬೇಕಿತ್ತು ಎಂದುಬಿಟ್ಟಳು.

ಶಿಕಾರಿಪುರದಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವ ಮನುಷ್ಯನಿಗೆ ಈ ಊರು ಹಿಡಿಸಿರಲಿಲ್ಲ. ಗದ್ದೆ, ಬಾಳೆ, ಅಂಗಳದ ಕೋಳಿ ಎಲ್ಲ ನಮ್ಮ ಕಡೆಯ ಹಾಗೆಯೇ. ಆದರೆ ಮಧ್ಯಾಹ್ನವಾದರೆ ಅಂಗಡಿಯವರೆಲ್ಲ ಬಾಗಿಲೆಳೆದು ಮಲಗಿಬಿಡುತ್ತಾರೆ. ಇವರು ಉದ್ಧಾರವಾದ ಹಾಗೆಯೇ ಎಂದು ಅವರು ಗೊಣಗುತ್ತಿದ್ದರೆ, ಹೆಂಡತಿ ನಿರ್ಮಲಮ್ಮ ಸಮುದ್ರವನ್ನೇ ನೋಡುತ್ತ ಕೂರುತ್ತಿದ್ದರು. ತವರು ತಾಳಗುಂದದಲ್ಲಿ ಗಂಡುಹುಡುಗರು ಕೆರೆಗೆ ಧುಮುಕುವಾಗ ಆಕೆ ಏರಿಯ ಮೇಲೆ ನಿಂತು, ಒಳಗೆ ಏನಿದೆಯೋ ಎಂದು ಕೇಳುತ್ತಿದ್ದರಂತೆ. ಕೆಸರು ಅನ್ನುತ್ತಿದ್ದರಂತೆ ಅವರು. ಆ ಮಾತನ್ನು ನಿರ್ಮಲಮ್ಮ ಇಂದಿಗೂ ನಂಬಿಲ್ಲ.

ಉತ್ತರದ ಲಾರಿಯವರೊಡನೆ ವ್ಯವಹರಿಸಿ ಹಿಂದಿ ಕಲಿತಿದ್ದ ಮಹೇಶ್ವರಪ್ಪನವರೇ ಇಲ್ಲಿ ದುಭಾಷಿ. ಈ ಮಾತನ್ನು ಮಾತ್ರ ಅವರು ಸ್ವಲ್ಪವೂ ತಿರುಚದೆ ಕನ್ನಡಕ್ಕೆ ತಂದರು.

"ಕೊರಳಲ್ಲಿರೋದನ್ನೆಲ್ಲ ತೆಗೀಬೇಕಂತೆ. ಲಿಂಗ ತೆಗಿಯೋಕಾಗ್ತದಾ? ಆಗಲ್ಲ. ನಡಿ, ಎಳನೀರು ಕುಡಿಯಾನ."

ಮೈಮೇಲಿನ ಲಿಂಗ ಮೈ ಬಿಟ್ಟಿರಬಾರದು ಎಂದು ನಡೆದುಕೊಂಡು ಬಂದ ಮನೆತನ. ಇನ್ನು ಮಾತೇ ಇಲ್ಲ ಎಂದುಕೊಂಡು ಅವರು ಚಪ್ಪಲಿ ಹುಡುಕತೊಡಗಿದರು.

ನಿರ್ಮಲಮ್ಮ ಅಲುಗಲಿಲ್ಲ. ಯಾಕೆ ತೆಗೆಯಬೇಕು ಕೇಳಿ ಎಂದರು. ದಾರ, ಸರ ಏನಿದ್ದರೂ ಉಸಿರಿನ ಕೊಳವೆಗೆ ಸಿಕ್ಕಿಕೊಳ್ಳುತ್ತವಂತೆ. ಹಾಗಾದರೆ ಲಿಂಗವನ್ನು ರಟ್ಟೆಗೆ ಕಟ್ಟಿಕೊಂಡರೆ ಆದೀತೇ ಕೇಳಿ ಎಂದರು. ಮಹೇಶ್ವರಪ್ಪ ಹಿಂದಿಯಲ್ಲಿ ಬೇರೇನೋ ಕೇಳಿದರು. ಆ ಹೆಣ್ಣುಮಗಳು ಆಕಾಶದತ್ತ ಕೈ ತೋರಿ ಹವಾಮಾನದ ಬಗ್ಗೆ ಉತ್ತರ ಕೊಡುವುದನ್ನು ಕಂಡು ನಿರ್ಮಲಮ್ಮನಿಗೆ ಗಂಡನ ಕಿತಾಪತಿ ತಿಳಿದುಹೋಯಿತು. ತಾವೇ ಮುಂದೆ ಬಂದು ಲಿಂಗದ ವಸ್ತ್ರ ಮುಟ್ಟಿ ತೋರಿಸಿದರು, ಆಮೇಲೆ ರಟ್ಟೆ ತೋರಿಸಿದರು. ಕಲಿಸುವವಳು ನಕ್ಕು, ಆಗಬಹುದೆಂದು ತಲೆಯಾಡಿಸಿದಳು. ನೀರಿಗಿಳಿಯಲು ತೊಡುವ ಬಿಗಿಯಾದ ದಿರಿಸಿನೊಳಗೆ ಅದೊಂದು ಇರಬಹುದು. ಆದರೆ ಉದ್ದನೆಯ ಕರಿಮಣಿ ಸರದತ್ತ ಬೆರಳು ಮಾಡಿ, ಇದು ಆಗದು ಎಂದಳು.

ಮಹೇಶ್ವರಪ್ಪ ಮತ್ತೆ ಗೆದ್ದರು. ಗೆದ್ದ ಸಂತೋಷ ಮುಖಕ್ಕೆ ಬರುವಷ್ಟರಲ್ಲಿ ನಿರ್ಮಲಮ್ಮನ ಕೈಗಳು ಕೊರಳಿಗೆ ಹೋಗಿದ್ದವು. ಹೆರಿಗೆಯಲ್ಲೂ ತೆಗೆಯದ ಸರ ಅದು.

"ನಿರ್ಮಲಾ, ಏನ್ ಮಾಡಕತ್ತೀಯೇ? ನಾನಿನ್ನೂ ಬದುಕಿದೀನಿ."

"ಅದಕ್ಕೇ ರೀ," ಎಂದರು ನಿರ್ಮಲಮ್ಮ. "ಲಿಂಗ ಕೊಟ್ಟ ಗುರುಗಳು ಇಲ್ಲಿಲ್ಲ, ಅದನ್ನ ನಾನೇ ಕಾಯ್ಕೋಬೇಕು. ಇದನ್ನ ಕಟ್ಟಿದೋರು ಇಲ್ಲೇ ನಿಂತಿದೀರಲ್ಲ. ನೀವು ಕಾಯ್ರಿ."

ಸರವನ್ನು ಗಂಡನ ಅಂಗೈಗೆ ಹಾಕಿ, ಲಿಂಗವನ್ನು ರಟ್ಟೆಗೆ ಕಟ್ಟಿ ದಿರಿಸು ತೊಟ್ಟು, ಆ ಹೆಣ್ಣುಮಗಳ ಕೈ ಹಿಡಿದು, ಹಿಂತಿರುಗಿ ನೋಡದೆ ನೀರಿಗೆ ನಡೆದರು. ಮೊಣಕಾಲು, ಸೊಂಟ, ಎದೆ. ಆಮೇಲೆ ತಲೆಯೂ ಕಾಣಲಿಲ್ಲ. ಒಂದಷ್ಟು ಗುಳ್ಳೆಗಳು ಎದ್ದವು, ಅಷ್ಟೆ.

ಮಹೇಶ್ವರಪ್ಪನವರಿಗೆ ಇಂಥ ಹೆದರಿಕೆ ಹುಟ್ಟಿದಾಗಿನಿಂದ ಗೊತ್ತಿರಲಿಲ್ಲ. ತಾಳಿಯನ್ನು ಮರಳ ಮೇಲೆ ಇಡುವಂತಿಲ್ಲ. ಚಡ್ಡಿಯ ಜೇಬು ತೂತು. ಮುಷ್ಟಿ ಬೆವರಿ ಸರ ಜಾರುತ್ತಿದೆ. ಅತ್ತಿತ್ತ ನೋಡಿದರು. ದಂಡೆಯ ತುಂಬ ಜನ ಇದ್ದರು. ಇದ್ದರೆ ಇರಲಿ ಎಂದು ಸರವನ್ನು ತಮ್ಮ ಕೊರಳಿಗೇ ಹಾಕಿಕೊಂಡರು. ಆಮೇಲೆ ಗುಳ್ಳೆಗಳ ಕಡೆ ತಿರುಗಿ, ತಾಳಿಯನ್ನು ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡರು.