ಹನ್ನೊಂದು ನಿರಾಕರಣೆ

ಹತ್ತನೆಯ ಸಲವೂ ಅದೇ ಸಾಲು. ‘ಕ್ಯಾಮೆರಾ: ಅನುಮತಿ ನಿರಾಕರಿಸಲಾಗಿದೆ.’

ಅವನು ಆಸ್ಪತ್ರೆಯ ಕಂಪ್ಯೂಟರಿನಿಂದ ಪೆನ್ ಡ್ರೈವನ್ನು ಕಿತ್ತುಕೊಂಡ. ಮಂಚದ ಮೇಲಿಂದ ಅಪ್ಪ ಅವನನ್ನೇ ನೋಡುತ್ತಿದ್ದರು. ಗಂಟಲಿನಲ್ಲಿ ನಳಿಗೆ. ಕುತ್ತಿಗೆಯಿಂದ ಕೆಳಗೆ ಅಲುಗುವುದು ಬಲಗೈ ಹೆಬ್ಬೆರಳೊಂದೇ. ಅದರಡಿ ಮಗನೇ ಟೇಪು ಸುತ್ತಿ ಒಂದು ಗುಂಡಿ ಕೂರಿಸಿದ್ದ. ಮೆಲ್ಲಗೆ ಒತ್ತಿದರೆ ಆ ಕಂಪ್ಯೂಟರಿನ ಪರದೆಯ ಮೇಲೆ ಆಯ್ಕೆ ಮುಂದಕ್ಕೆ ಸರಿಯುತ್ತದೆ. ಒತ್ತಿ ಹಿಡಿದರೆ ಖಾತ್ರಿಯಾಗುತ್ತದೆ.

“ಮತ್ತೆ ಮುನಿಸಿಕೊಳ್ತಾ ನಿಮ್ಮ ಪ್ರೋಗ್ರಾಮು?” ನರ್ಸಮ್ಮ ಹಾಸಿಗೆಯ ಹೊದಿಕೆ ಸರಿಪಡಿಸುತ್ತ ಕೇಳಿದರು.

“ನನ್ನ ಲ್ಯಾಪ್‌ಟಾಪಲ್ಲಿ ಸರಿಯಾಗೇ ಓಡತ್ತೆ.”

“ಅದನ್ನ ಒಳಗೆ ತರೋ ಹಾಗಿಲ್ಲ. ಅಪ್ಪನ್ನೇ ಹೊರಗೆ ಹೊತ್ಕೊಂಡು ಹೋಗ್ತೀರೇನು?”

ಅವನು ನಗಲಿಲ್ಲ. ನೋಟ ಯಾವ ಅಕ್ಷರದ ಮೇಲೆ ನಿಂತಿತೆಂದು ಕ್ಯಾಮೆರಾದಿಂದ ಅಳೆದು, ಒಂದೊಂದೇ ಅಕ್ಷರ ಬರೆಯುವ ಪ್ರೋಗ್ರಾಮು ಅದು. ಎರಡು ವಾರದ ದುಡಿಮೆ. ಬೇಕಾದ್ದನ್ನೆಲ್ಲ ಒಂದೇ ಕಡತದೊಳಗೆ ತುಂಬಿ, ಯಾವ ಕಂಪ್ಯೂಟರಿನಲ್ಲಾದರೂ ತಾನಾಗಿ ಓಡುವಂತೆ ಕಟ್ಟಿದ್ದ. ಅವನ ಲ್ಯಾಪ್‌ಟಾಪಿನಲ್ಲಿ ಸಕಲ ಅಧಿಕಾರವೂ ಅವನದೇ. ಇಲ್ಲಿ ಹಾಗಲ್ಲ. ಹೊಸದಾಗಿ ಕಟ್ಟಿ ತಂದ ಪ್ರತಿಯೊಂದು ಕಡತವೂ ಈ ಕಂಪ್ಯೂಟರಿಗೆ ಅಪರಿಚಿತ. ಕ್ಯಾಮೆರಾ ಬಿಟ್ಟುಕೊಡುವ ಮೊದಲು ಅದು ‘ಕೊಡು’, ‘ಬೇಡ’ ಎಂದು ಕೇಳಬೇಕು. ಕೇಳದೆಯೇ ತಳ್ಳಿಹಾಕುತ್ತಿದೆ, ಕಟ್ಟುವಾಗ ತಾನೇ ಏನೋ ಬಿಟ್ಟಿದ್ದೇನೆ ಎಂದು ಅವನು ತಿಳಿದಿದ್ದ.

ನಾಳೆ ಹನ್ನೊಂದಕ್ಕೆ ಕಾರ್ಖಾನೆಯ ಅಪಘಾತದ ತನಿಖಾಧಿಕಾರಿ ಬರುತ್ತಾರೆ. ಬೆರಳಾಡಿಸಿ ಹೌದು, ಅಲ್ಲ ಎಂದರೆ ಸಾಲದು, ಅಪ್ಪನದೇ ಮಾತು ಬೇಕು ಎಂದಿದ್ದಾರೆ. ಮಾತು ಬರದಿದ್ದರೆ ‘ಕೆಲಸಗಾರನ ಅಜಾಗರೂಕತೆ’ ಎಂದು ಬರೆದು ಮುಗಿಸುತ್ತಾರೆ. ಮೂವತ್ತೊಂದು ವರ್ಷ ಉಗುರೊಂದನ್ನೂ ಜಜ್ಜಿಕೊಳ್ಳದೆ ದುಡಿದ ಮನುಷ್ಯನ ಹೆಸರಿನ ಮುಂದೆ ಆ ಎರಡು ಪದ.

ಅಪ್ಪನ ಮೇಲೆ ಇಳಿದದ್ದು ತಗಡು ಒತ್ತುವ ಪ್ರೆಸ್ಸು, ಸರದಿಯಂತೆ ತಾನಾಗಿ ಇಳಿಯುವಂಥದು. ಅಚ್ಚು ಒರೆಸಲು ಬಗ್ಗುವ ಮೊದಲು ಪಕ್ಕದ ಕಂಪ್ಯೂಟರಿನಲ್ಲಿ ‘ಬೀಗ’ ಒತ್ತಬೇಕು. ಒತ್ತಿದರೆ ಪ್ರೋಗ್ರಾಮು ತನ್ನ ಫೋಲ್ಡರಿನಲ್ಲಿ ‘ನಿಲ್ಲು’ ಎಂದು ಬರೆದಿಡುತ್ತದೆ. ಆ ಬರಹ ಇರುವ ತನಕ ಪ್ರೆಸ್ಸು ಕದಲದು. ಎರಡು ವರ್ಷದ ಹಿಂದೆ ಆ ಪ್ರೋಗ್ರಾಮನ್ನು ಮಾಡಿಕೊಟ್ಟವನು ಈ ಮಗನೇ. ಮನೆಯಲ್ಲಿ ಕೂತು ನೂರು ಸಲ ಪರೀಕ್ಷೆ ಮಾಡಿದ್ದ. ಅದು ತಪ್ಪುವ ಮಾತೇ ಇಲ್ಲ. ಹಾಗಾದರೆ ಬೀಗವನ್ನು ಯಾರೋ ತೆಗೆದಿದ್ದಾರೆ. ಆಗ ಹತ್ತಿರ ಇದ್ದವನು ಮೇಸ್ತ್ರಿಯೊಬ್ಬನೇ.

ಆ ಮೇಸ್ತ್ರಿ ಈಗ ಮೊಗಸಾಲೆಯ ಬೆಂಚಿನ ಮೇಲೆ ಕೂತಿದ್ದ. ಮಗ ಹೊರಗೆ ಬಂದದ್ದು ಕಂಡು ಎದ್ದು ನಿಂತ.

“ನಾನು ಯಾವ ಬೀಗಾನೂ ಮುಟ್ಟಿಲ್ಲಪ್ಪಾ. ಅದರ ಹಿಂದಿನ ವಾರ ಹೊಸ ಕಂಪ್ಯೂಟರ್ ಬಂದಿತ್ತು, ಎಲ್ಲರ ಲಾಗಿನ್ನೂ ಬದಲಾಗಿತ್ತು. ಒಂದ್ಸಲ ಸರಿಯಾಗಿ ನೋಡಣ್ಣಾ ಅಂತ ನಿಮ್ಮಪ್ಪಂಗೆ ಅಂದೆ. ‘ನನ್ನ ಮಗ ಮಾಡಿದ್ದು ಕಣಯ್ಯಾ, ಕೈಕೊಡಲ್ಲ’ ಅಂತ ನಕ್ಕು ಬಗ್ಗಿದ.”

“ಕೈಕೊಟ್ಟಿದ್ದು ಯಾರು ಅಂತ ನಾಳೆ ಅಪ್ಪನೇ ಹೇಳ್ತಾರೆ.”

ಮೇಸ್ತ್ರಿ ಮಡಿಸಿದ ಕಾಗದವೊಂದನ್ನು ಚಾಚಿದ. “ಆವತ್ತಿನ ದಾಖಲೆ. ಆ ಕಂಪ್ಯೂಟರಿಂದಾನೇ ತೆಗೆಸಿದ್ದು. ನಂಗೆ ತಲೆಬುಡ ಗೊತ್ತಾಗಲ್ಲ. ನೀವೇ ಓದಿ.”

“ತಿದ್ದಿಸೋಕೆ ಎಷ್ಟು ದಿನ ಹಿಡೀತು?”

ಮೇಸ್ತ್ರಿ ಕಾಗದವನ್ನು ಬೆಂಚಿನ ಮೇಲಿಟ್ಟು ಹೊರಟುಹೋದ. ಮಗ ಅದನ್ನು ಬಿಡಿಸದೆ ಜೇಬಿಗೆ ತುರುಕಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಹನ್ನೊಂದನೆಯ ಕಡತ ಸಿದ್ಧವಾಯಿತು. ಒಳಗೆ ಹೋಗಿ ಚಾಲೂ ಮಾಡಿದ. ಆ ಹಳೆಯ ಕಂಪ್ಯೂಟರಿನಲ್ಲಿ ಅದು ಬಿಚ್ಚಿಕೊಳ್ಳಲು ಮೂರು ನಿಮಿಷ. ಎಂದಿನಂತೆ ಬಾಗಿಲ ಕಡೆ ಹೆಜ್ಜೆಯಿಟ್ಟ. ಉಸಿರಾಟದ ಯಂತ್ರದ ಸದ್ದು, ಅಪ್ಪನ ಆ ನೋಟ, ಎರಡರ ನಡುವಿನ ಮೌನ ಅವನಿಂದ ತಡೆಯಲಾಗುತ್ತಿರಲಿಲ್ಲ.

“ಪ್ರತಿ ಸಲ ಓಡಿಹೋಗ್ತೀರಲ್ಲ,” ನರ್ಸಮ್ಮ ಮೆಲ್ಲಗೆ ಅಂದರು. “ಮೂರು ನಿಮಿಷ ಅವರ ಹತ್ರ ನಿಲ್ಲೋಕಾಗಲ್ವಾ?”

ಅವನು ನಾಚಿ ಹಿಂತಿರುಗಿದ. ಮಂಚದ ತಲೆಯ ಕಡೆ, ಅಪ್ಪನ ಕಣ್ಣಿಗೆ ಬೀಳದ ಜಾಗದಲ್ಲಿ ನಿಂತ.

ಪರದೆಯ ಮೇಲೆ ಪೆಟ್ಟಿಗೆಯೊಂದು ಮೂಡಿತು. ‘ಕ್ಯಾಮೆರಾ ಬಳಸಲು ಅನುಮತಿ ಕೊಡಬಹುದೇ?’ ಅವನ ಎದೆ ಹಗುರಾಯಿತು. ಕೇಳುತ್ತಿದೆ! ಬೆಳಕು ‘ಕೊಡು’ವಿನ ಮೇಲೆಯೇ ನಿಂತಿತ್ತು.

ಹೆಬ್ಬೆರಳು ಮೆಲ್ಲಗೆ ಒಮ್ಮೆ ಒತ್ತಿತು. ಬೆಳಕು ‘ಬೇಡ’ಕ್ಕೆ ಸರಿಯಿತು. ಹೆಬ್ಬೆರಳು ಒತ್ತಿ ಹಿಡಿಯಿತು.

‘ಕ್ಯಾಮೆರಾ: ಅನುಮತಿ ನಿರಾಕರಿಸಲಾಗಿದೆ.’

ಬೆರಳು ಜಾರಿರಬೇಕು ಅಂದುಕೊಂಡ. ಕಂಪ್ಯೂಟರಿನ ಅನುಮತಿಗಳ ಪಟ್ಟಿ ತೆರೆದ. ಹನ್ನೊಂದು ಸಾಲು. ಹನ್ನೊಂದರಲ್ಲೂ ‘ಬಳಕೆದಾರರು ಬೇಡ ಎಂದಿದ್ದಾರೆ’.

“ಅಪ್ಪಾ!” ಅವನು ಎದುರಿಗೆ ಬಂದ. “ಯಾಕಪ್ಪಾ? ಮಾತಾಡೋದೇ ಬೇಡ್ವಾ ನಿಮಗೆ? ಅವನನ್ನ ಯಾಕೆ ಉಳಿಸ್ತಿದ್ದೀರಿ? ಹೆದರಿಸಿದಾನಾ?”

ಅಪ್ಪ ಕಣ್ಣು ಮುಚ್ಚಿಕೊಂಡರು. ಮೇಸ್ತ್ರಿಯ ಸುದ್ದಿ ಎತ್ತಿದಾಗಲೆಲ್ಲ ಹಾಗೇ ಮಾಡುತ್ತಿದ್ದರು.

“ನೋಡಿ, ನೀವು ಕಾಪಾಡ್ತಿರೋ ಮಹಾನುಭಾವ ಏನು ಬರೆಸ್ಕೊಂಡು ಬಂದಿದಾನೆ ನೋಡಿ!” ಅವನು ಜೇಬಿನಿಂದ ಕಾಗದ ಎಳೆದ.

ಅಪ್ಪನ ಕಣ್ಣು ಥಟ್ಟನೆ ತೆರೆಯಿತು. ಪರದೆಯ ಮೇಲೆ ಈಗ ಯಾವ ಪ್ರಶ್ನೆಯೂ ಇರಲಿಲ್ಲ. ಆದರೂ ಹೆಬ್ಬೆರಳು ಗುಂಡಿಯನ್ನು ಒತ್ತತೊಡಗಿತು. ಮೆಲ್ಲಗೊಮ್ಮೆ, ಹಿಡಿದೊಮ್ಮೆ. ಮೆಲ್ಲಗೊಮ್ಮೆ, ಹಿಡಿದೊಮ್ಮೆ. ಅವನು ಕಾಗದ ಬಿಡಿಸುವವರೆಗೂ ಅದು ನಿಲ್ಲಲಿಲ್ಲ.

‘೧೦:೪೨. ಬೀಗ ಒತ್ತಲಾಗಿದೆ. ಫೋಲ್ಡರಿನಲ್ಲಿ “ನಿಲ್ಲು” ಬರೆಯಲು: ಅನುಮತಿ ನಿರಾಕರಿಸಲಾಗಿದೆ. ೧೦:೪೩. ಪ್ರೆಸ್ಸು ಚಾಲೂ.’