ಪಟೇಲನ ಗಂಟೆ

"ಹೋತನ್ನ ಒಳಕ್ಕೆ ಬುಡಂಗಿಲ್ಲ ಕಣಕ್ಕ," ಎಂದು ಸೋಲಾರ್ ಪಾರ್ಕಿನ ಗೇಟಿನಲ್ಲಿ ಸೆಕ್ಯುರಿಟಿ ದೇವರಾಜು ಕೋಲು ಅಡ್ಡ ಹಿಡಿದ. ಕೊರಳಿಗೆ ಗಂಟೆ ಕಟ್ಟಿಕೊಂಡು ಮಂದೆಯ ಮುಂದೆ ಠೀವಿಯಿಂದ ಬರುತ್ತಿದ್ದ ಕರಿಯ ಹೋತ ಗಕ್ಕನೆ ನಿಂತ. ಅವನು ನಿಂತದ್ದೇ ತಡ, ಹಿಂದಿದ್ದ ನೂರಿಪ್ಪತ್ತು ಕುರಿಗಳೂ ನಿಂತವು.

ಮಂದೆಯ ಹಿಂದಿದ್ದ ಕ್ಯಾತಮ್ಮ ಗೇಟಿಗೆ ಓಡಿ ಬಂದಳು. ಸೋಲಾರ್ ಪ್ಲೇಟು ತೊಳೆದ ನೀರಿಗೆ ಒಳಗೆ ಮೊಣಕಾಲುದ್ದ ಹುಲ್ಲು ಬೆಳೆದಿತ್ತು. ಕೊಯ್ಯುವ ಮೆಷಿನ್ನು ಕಲ್ಲು ಸಿಡಿಸಿ ಗಾಜು ಒಡೆಯುತ್ತದೆ, ನಮ್ಮ ಕುರಿ ಬಿಡಿ ಎಂದು ಇಂಜಿನಿಯರ್ ಲೋಹಿತಾಳ ಬೆನ್ನುಬಿದ್ದು ಒಂದು ತಿಂಗಳು ಕಾಡಿ, ಇವತ್ತೊಂದು ದಿನದ ಪರೀಕ್ಷೆಗೆ ಒಪ್ಪಿಸಿದ್ದಳು. ಗೆದ್ದರೆ ವರ್ಷವಿಡೀ ಮೇವು. ಸೋತರೆ ಮಂದೆಯೇ ಇಲ್ಲ. ಮೇಯುವ ಬಯಲೆಲ್ಲ ಬೇಲಿಯೊಳಗೆ ಸೇರಿದ ಮೇಲೆ ಕುರಿ ಕಟ್ಟಿಕೊಂಡು ಏನು ಮಾಡುವುದೆಂದು ಗಂಡ ದೊಡ್ಡರಂಗಪ್ಪ ಆಗಲೇ ದಲ್ಲಾಳಿಗೆ ಹೇಳಿ ಕಳಿಸಿದ್ದ. ಆ ದಲ್ಲಾಳಿ ಮಂದೆಗೆ ಬೆಲೆ ಕಟ್ಟಲು ಇವತ್ತು ಸಂಜೆಯೇ ಬರುವವನಿದ್ದ.

"ಮೇಕೆ ಇದೆಯಾ ಅಂತ ಎರಡು ಸಲ ಕೇಳಿದ್ದೆ ಅಮ್ಮಾ. ಒಂದೂ ಇಲ್ಲ ಅಂದ್ರಿ," ಎಂದಳು ಗೇಟಿನ ಬಳಿ ನಿಂತಿದ್ದ ಲೋಹಿತಾ, ಬೇಸರದಿಂದ. "ಮೇಕೆ ಪ್ಲೇಟಿನ ಮೇಲೆ ಹತ್ತುತ್ತೆ. ಅದು ಒಳಗೆ ಬಂದ್ರೆ ನನ್ನ ಕೆಲಸ ಹೋಗುತ್ತೆ."

"ಮೇಕೆ ಎಲ್ಲೈತಮ್ಮಾ? ಇವ್ನು ಪಟೇಲ!"

ಕ್ಯಾತಮ್ಮ ಸುಳ್ಳು ಹೇಳಿರಲಿಲ್ಲ. ಮಂದೆಯ ಮುಂದೆ ನಡೆಯುವ ಹೋತನನ್ನು ಅವಳ ಹಟ್ಟಿಯಲ್ಲಿ ಯಾರೂ ಮೇಕೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕುರಿಗೆ ತಾನಾಗಿ ಮುಂದೆ ಹೋಗುವ ಬುದ್ಧಿಯನ್ನು ದೇವರು ಕೊಟ್ಟಿಲ್ಲ. ಅದಕ್ಕೇ ಒಬ್ಬ ಪಟೇಲ ಬೇಕು, ಅವನು ಹೋತನಾಗಿ ಹುಟ್ಟಿರುತ್ತಾನೆ, ಅಷ್ಟೇ.

ದೇವರಾಜು ಪಟೇಲನನ್ನು ಗೇಟಿನ ಹೊರಗಿನ ಬೇವಿನ ಮರಕ್ಕೆ ಕಟ್ಟಿದ. ಕ್ಯಾತಮ್ಮ ಕುರಿಗಳನ್ನು ಅಟ್ಟಿದಳು, ಕೂಗಿದಳು, ಒಂದು ಟಗರಿನ ಕೊಂಬು ಹಿಡಿದು ದರದರ ಎಳೆದೂ ನೋಡಿದಳು. ಒಳಗೆ ಥಳಥಳಿಸುವ ಪ್ಲೇಟುಗಳನ್ನು ಕಂಡು ಬೆದರಿದ ಕುರಿಗಳು ಗೇಟಿನವರೆಗೆ ಬಂದು, ಗರ್ರನೆ ತಿರುಗಿ, ಬೇವಿನ ಮರದ ಸುತ್ತ ಗುಂಪುಗಟ್ಟಿದವು.

"ಆಯ್ತಲ್ಲ ಬುಡಕ್ಕ, ಕುರಿಗೇ ಬ್ಯಾಡ್ವಂತೆ," ಎಂದು ದೇವರಾಜು ನಕ್ಕ. ಲೋಹಿತಾ ಗಡಿಯಾರ ನೋಡಿಕೊಂಡಳು. "ಮೆಷಿನ್ ಗಾಡಿ ಹೊರಟಿದೆಯಂತೆ. ಹತ್ತು ಗಂಟೆ ಒಳಗೆ ಕುರಿ ಒಳಗಿರದಿದ್ರೆ ನಾನೇನೂ ಮಾಡಕ್ಕಾಗಲ್ಲ ಅಮ್ಮಾ."

ಹತ್ತಕ್ಕೆ ಇನ್ನು ಕಾಲು ಗಂಟೆ ಇತ್ತು. ಕ್ಯಾತಮ್ಮ ಮರದ ಬುಡಕ್ಕೆ ಹೋಗಿ ಪಟೇಲನ ಕೊರಳಿಂದ ಗಂಟೆ ಬಿಚ್ಚಿದಳು. ಒಂದು ಗಳಿಗೆ ಕೈಯಲ್ಲಿ ಹಿಡಿದು ನಿಂತಳು. ನಾಚಿಕೆಯಾಯಿತು. ನಾಚಿಕೊಂಡರೆ ಮಂದೆ ಉಳಿಯುತ್ತದೆಯೇ ಎಂದುಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗಂಟೆಯನ್ನು ತನ್ನ ಕೊರಳಿಗೇ ಕಟ್ಟಿಕೊಂಡಳು.

ದೇವರಾಜು ಹೊಟ್ಟೆ ಹಿಡಿದುಕೊಂಡು ನಕ್ಕ. ಕುರಿಗಳು ಗಂಟೆಯ ಸದ್ದಿಗೆ ತಲೆ ಎತ್ತಿದವು, ಮತ್ತೆ ಇಳಿಸಿದವು. ಸದ್ದು ಅದೇ, ನಡಿಗೆ ಬೇರೆ. ಕ್ಯಾತಮ್ಮನಿಗೆ ಹೊಳೆಯಿತು. ಒಂಬತ್ತು ವರ್ಷ ಪಟೇಲನ ಹಿಂದೆ ನಡೆದವಳಿಗೆ ಅವನ ನಡಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತು? ನಾಲ್ಕು ಹೆಜ್ಜೆ ದಡದಡ ನಡೆದು ಅವನು ನಿಲ್ಲುತ್ತಾನೆ, ಕತ್ತು ಒಮ್ಮೆ ಒದರುತ್ತಾನೆ, ಮತ್ತೆ ನಾಲ್ಕು ಹೆಜ್ಜೆ. ಐವತ್ತೆಂಟರ ಕ್ಯಾತಮ್ಮ ಬೆನ್ನು ಬಗ್ಗಿಸಿ ನಾಲ್ಕು ಹೆಜ್ಜೆ ಇಟ್ಟಳು, ನಿಂತಳು, ಕತ್ತು ಒದರಿದಳು. ಢಣ್ ಢಣ್. ಮತ್ತೆ ನಾಲ್ಕು ಹೆಜ್ಜೆ.

ಮುದಿ ಕುರಿಯೊಂದು ಕಿವಿ ನಿಮಿರಿಸಿ ಅವಳ ಹಿಂದೆ ಹೊರಟಿತು. ಅದರ ಹಿಂದೆ ಅದರ ಮರಿ. ಆಮೇಲೆ ಕಟ್ಟೆ ಒಡೆದ ಹಾಗೆ ಇಡೀ ಮಂದೆ ಗೇಟಿನೊಳಕ್ಕೆ ನುಗ್ಗಿತು. ದೇವರಾಜುವಿನ ನಗು ಬಾಯಲ್ಲೇ ಉಳಿಯಿತು. ಗಾಬರಿಯಿಂದ ಅವಳ ಪಕ್ಕಕ್ಕೆ ಓಡಿ ಬಂದ ಲೋಹಿತಾ, "ಪ್ಲೇಟಿನ ಎಲ್ಲ ಸಾಲೂ ಒಂದೇ ಥರ ಅಮ್ಮಾ! ನಂಬರ್ ನೋಡದಿದ್ರೆ ನಾನೇ ದಾರಿ ತಪ್ತೀನಿ," ಎಂದಳು.

"ತಲೆ ಎತ್ತಿ ನೋಡಿದ್ರೆ ಅಂಗೇ ಕಣಮ್ಮ. ಬಗ್ಗಿ ನೆಲ ನೋಡು," ಎಂದಳು ಕ್ಯಾತಮ್ಮ ನಡೆಯುತ್ತಲೇ. "ಇದು ಕಲ್ಲು ನೆಲ. ಮುಂದೆ ಸಿಗೋದು ನಮ್ದೇ ಹುರುಳಿ ಹೊಲ."

ಸಂಜೆ ಗೇಟಿನಲ್ಲಿ ದೇವರಾಜು ಬೆರಳು ಮಡಿಸುತ್ತ ಎಣಿಸಿದ. ನೂರಿಪ್ಪತ್ತೂ ಹೊರಬಂದವು. ಒಂದು ಗಾಜಿಗೂ ಗೀರು ಬಿದ್ದಿರಲಿಲ್ಲ. "ನಾಳೆಯಿಂದ ದಿನಾ ಬನ್ನಿ ಅಮ್ಮಾ," ಎಂದು ಲೋಹಿತಾ ಹೇಳಿದ ಕೂಡಲೇ ಕ್ಯಾತಮ್ಮನಿಗೆ ಸಂತೋಷ ತಡೆಯಲಾಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ಕೇಕೆ ಹಾಕಿಬಿಟ್ಟಳು.

ಹಟ್ಟಿಯ ಬಾಗಿಲಲ್ಲಿ ದೊಡ್ಡರಂಗಪ್ಪ ದಲ್ಲಾಳಿಯ ಜೊತೆ ಕಾಯುತ್ತಿದ್ದ. ಗಂಟೆ ಕೇಳಿಸಿತು. "ಅಗಾ, ನಮ್ ಪಟೇಲ ಬಂದ," ಎಂದು ಎದ್ದು ನಿಂತವನು ಹಾಗೇ ನಿಂತುಬಿಟ್ಟ. ಹೊಟ್ಟೆ ಬಿರಿಯ ಮೇದ ಮಂದೆ ದಾರಿಯ ತುಂಬ ಬರುತ್ತಿತ್ತು. ಮುಂದೆ, ಕೊರಳಲ್ಲಿ ಗಂಟೆ ಕಟ್ಟಿಕೊಂಡು, ತನ್ನ ಹೆಂಡತಿ.

"ಲೇ, ಪಟೇಲ ಎಲ್ಲೇ?"

"ಹಿಂದೆ ಬತ್ತಾವ್ನೆ," ಎಂದಳು ಕ್ಯಾತಮ್ಮ, ನಿಲ್ಲದೆ.