ಸೀಳು ಕಿವಿಯ ಟಗರು

ಹೊಸ ಟೈರು ಹಾಕಿಸಿದ ಬೈಕು ಪೂರಾ ನಿಲ್ಲುವ ಮುಂಚೆಯೇ ಯಂಕಪ್ಪ ಇಳಿದುಬಿಟ್ಟ. ಎಪ್ಪತ್ತರ ಕಾಲು ಎಡವಿತು, ಲೆಕ್ಕಿಸಲಿಲ್ಲ. ಒಂದು ಕೈಯಲ್ಲಿ ದೇವರ ಅರಿಸಿನ, ಭಂಡಾರದ ಚೀಲ, ಇನ್ನೊಂದರಲ್ಲಿ ಫೋನು. ಹನ್ನೆರಡು ದಿನದಿಂದ ಅವನು ಹುಡುಕುತ್ತಿದ್ದ ಟಗರು ಆ ಫೋನಿನೊಳಗೆ ಮೋಡದ ಮೇಲೆ ನಿಂತಿತ್ತು.

ಮಗ ಭೀಮಾಶಂಕರ ಗಾಡಿ ಬಿಟ್ಟು ಇಳಿಯಲಿಲ್ಲ. ತಮ್ಮೂರು ಯಾಲಾಲದಿಂದ ಈ ಪೆದ್ದೆಮುಲ್ಲಿನವರೆಗೂ ಅವನದು ಒಂದೇ ರಾಗ: ಅದು ಮಿಷನ್ನು ಬರೆದ ಸುಳ್ಳು ಚಿತ್ರ, ಅದನ್ನು ನಂಬಿ ನಮ್ಮವರ ಮನೆಬಾಗಿಲಿಗೆ ಜಗಳಕ್ಕೆ ಹೋಗುವುದೇ ಎಂದು. ಬೆಳಿಗ್ಗೆ ಪೆಟ್ರೋಲೇ ಇಲ್ಲ ಎಂದಿದ್ದ. ಹಾಗಾದರೆ ನಡೆದೇ ಹೋಗುತ್ತೇನೆಂದು ಯಂಕಪ್ಪ ಚಪ್ಪಲಿ ಮೆಟ್ಟಿದ ಮೇಲೆ ಪೆಟ್ರೋಲು ಎಲ್ಲಿಂದಲೋ ಹುಟ್ಟಿತ್ತು.

ಟಗರು ಮೈಲಾರಲಿಂಗನದು. ಮರಿಯಿದ್ದಾಗಲೇ ದೇವರ ಹೆಸರಿಗೆ ಬಿಟ್ಟು, ಗುರುತಿಗೆಂದು ಬಲಗಿವಿಯನ್ನು ನಡುವೆ ಸೀಳಿ, ಪೂಜಾರಿ ಯಂಕಪ್ಪನ ಹಟ್ಟಿಯಲ್ಲಿ ಸಾಕಿದ್ದರು. ಅದನ್ನು ಮಾರುವಂತಿಲ್ಲ, ಕೊಯ್ಯುವಂತಿಲ್ಲ, ಯಾರ ಹೊಲಕ್ಕೆ ಬಾಯಿ ಹಾಕಿದರೂ ಬಡಿಯುವಂತಿಲ್ಲ. ಅದು ಕಾಣೆಯಾದ ದಿನವೇ ಭೀಮಾಶಂಕರ ಹುಡುಕಲೆಂದು ತಾಂಡೂರಿನ ಸಂತೆಗೆ ಓಡಿದ್ದ. ಸಂಜೆ ಬರಿಗೈಲಿ ಬಂದಿದ್ದ. ಅವತ್ತಿನಿಂದ ಯಂಕಪ್ಪ ಊರೂರು ಅಲೆದಿದ್ದ. ದೇವರ ಒಡವೆ ಕಾಯಲಾಗದ ಪೂಜಾರಿ ಎಂದು ಊರು ಅನ್ನುವ ಮೊದಲೇ ತನ್ನನ್ನು ತಾನೇ ಅಂದುಕೊಂಡಿದ್ದ.

ತಮ್ಮನಾಗಬೇಕಾದ ಪೀರಪ್ಪ ಬಾಗಿಲಲ್ಲೇ ಎದುರಾದ. ಅವನ ಮಗಳು ಶೃತಿ ಒಳಗೆ ಬ್ಲೌಸು ಹೊಲಿಯುತ್ತಿದ್ದಳು. ಸಣ್ಣವಳಿದ್ದಾಗ ಒಂದು ಗೆರೆ ನೆಟ್ಟಗೆ ಎಳೆಯಲು ಬಾರದಿದ್ದ ಹುಡುಗಿ, ಈಗ ಹೊಲಿಗೆಯ ನಡುವೆ ಫೋನಿಗೆ ಬಾಯಲ್ಲಿ ಹೇಳಿ ಹೇಳಿ ಚಿತ್ರ ಬರೆಸುತ್ತಾಳೆ. ಬಸ್ಸಿನ ಟಾಪಿನ ಮೇಲೆ ಕೂತ ಕುರಿಹಿಂಡು, ಚಂದ್ರನ ಮೇಲೆ ಕಂಬಳಿ ಹಾಸಿ ಮಲಗಿದ ಮುದುಕ. ಎಲ್ಲವನ್ನೂ ನಂಟರ ವಾಟ್ಸಾಪ್ ಗುಂಪಿಗೆ ಹಾಕುವಳು. ಮೋಡದ ಮೇಲಿನ ಟಗರೂ ಹಾಗೆ ಬಂದದ್ದೇ. ನಾಲ್ಕು ಜನ ನಕ್ಕರೆ ಅವಳಿಗೆ ಅವತ್ತು ಹಬ್ಬ.

ಯಂಕಪ್ಪ ಫೋನನ್ನು ಅವಳ ಮುಂದೆ ಹಿಡಿದ. "ಕಿವಿ ನೋಡು, ತಂಗಿ. ಈ ಗುರುತ ಮಿಷನ್ನಿಗೆ ಹೇಳಿಕೊಟ್ಟವರ‍್ಯಾರು?"

ಶೃತಿ ನಕ್ಕಳು. "ಹೇಳಿದ್ರ ಅದಕ್ಕ ತಿಳಿಯಂಗಿಲ್ರಿ ದೊಡ್ಡಪ್ಪ. ಕುರಿ ಅಂದ್ರ ಯಾವುದೋ ದೇಶದ್ದು, ಬೆಳ್ಳನ ಹತ್ತಿಯಂಥಾದ್ದು ಬರೀತದ. ನಮ್ಮ ಕರಿ ಕುರಿ ಅದಕ್ಕ ಗೊತ್ತೇ ಇಲ್ಲ. ಅದಕ್ಕ ನಾನು ಫೋಟೊ ಕೊಟ್ಟು ಬರಸ್ತೀನ್ರಿ."

ದಾರಕ್ಕೆಂದು ತಾಂಡೂರಿಗೆ ಹೋದಾಗ ಸಂತೆಯಲ್ಲಿ ಕಂಡ ಟಗರು ಅದಂತೆ. ಕೊಂಬು ಚೆಂದ ಇತ್ತೆಂದು ಜನರ ನಡುವೆಯೇ ದೂರದಿಂದ ಫೋಟೊ ಹೊಡೆದು, ಟಗರನ್ನಷ್ಟೇ ಕತ್ತರಿಸಿ ತೆಗೆದುಕೊಂಡಳಂತೆ. ಕಿವಿಯನ್ನಾಗಲಿ ಹಗ್ಗ ಹಿಡಿದವರನ್ನಾಗಲಿ ನೋಡಿಯೇ ಇರಲಿಲ್ಲವಂತೆ. ಯಾವತ್ತು ಎಂದು ಯಂಕಪ್ಪ ಕೇಳಿದ. ಅವಳು ಹೇಳಿದ ದಿನ, ಟಗರು ಕಾಣೆಯಾದ ದಿನ.

ಆ ಸಂತೆಗೆ ಪೀರಪ್ಪನೂ ಎರಡು ಕುರಿ ಹೊಡೆದುಕೊಂಡು ಹೋಗಿದ್ದ. ಯಂಕಪ್ಪ ತಿರುಗಿ ನೋಡಿದ. ಪೀರಪ್ಪ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಯಂಕಪ್ಪನಿಗೆ ತಟ್ಟನೆ ನೆನಪಾಯಿತು.

"ಕತ್ತರಿಸದ ಫೋಟೊ ತೆಗಿ. ಹಗ್ಗ ಹಿಡದವರ‍್ಯಾರು ನೋಡೂಣು."

ಶೃತಿ ಹುಡುಕಿದಳು. ಸಿಕ್ಕಿತು. ಎರಡು ಬೆರಳಿನಿಂದ ಹಿಗ್ಗಿಸಿದಳು. ಅವಳ ನಗು ಅಲ್ಲೇ ನಿಂತುಹೋಯಿತು. ಫೋನನ್ನು ಮಡಿಲಲ್ಲಿ ಬೋರಲು ಹಾಕಿ ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ಪೀರಪ್ಪ ನಿಂತಿದ್ದ. ಅವನ ಬೆನ್ನ ಹಿಂದೆ ಅಂಗಳ, ಬೈಕು, ಬಿಸಿಲು.

ಯಂಕಪ್ಪನಿಗೆ ಇನ್ನೇನು ಬೇಕಿತ್ತು? ಭಂಡಾರದ ಚೀಲವನ್ನು ಹೊಲಿಗೆ ಯಂತ್ರದ ಮೇಲೆ ಇಟ್ಟು, ಮುಟ್ಟಿ ಹೇಳು ಎಂದ. ಶೃತಿ ಕೈ ಹಿಂದಕ್ಕೆಳೆದುಕೊಂಡಳು.

"ಫೋಟೊ ಅಳಿಸ್ತೀನ್ರಿ ದೊಡ್ಡಪ್ಪ. ಇನ್ನ ಚಿತ್ರ ಮಾಡೋದೂ ಬಿಡ್ತೀನಿ. ನಿಮ್ಮ ಕಾಲಿಗಿ ಬೀಳ್ತೀನಿ, ಕೇಳಬ್ಯಾಡ್ರಿ."

ಹೆತ್ತಪ್ಪನ ಮೇಲೆ ಎಷ್ಟು ಮಮತೆ ಎಂದು ಯಂಕಪ್ಪನಿಗೆ ಒಂದು ಗಳಿಗೆ ಅನ್ನಿಸಿತು. ಆದರೆ ದೇವರ ಟಗರು. ಅಷ್ಟರಲ್ಲಿ ಅಕ್ಕಪಕ್ಕದವರೂ ಅಂಗಳಕ್ಕೆ ಬಂದು ಸೇರಿದ್ದರು.

ಪೀರಪ್ಪ ಮಗಳ ಮುಂದೆ ಬಂದು ನಿಂತ. "ತೋರಸವ್ವಾ. ಹಗ್ಗ ನನ್ನ ಕೈಯಾಗ ಇದ್ರ ನಾನೇ ಊರು ಬಿಡ್ತೀನಿ."

ಯಂಕಪ್ಪ ಭಂಡಾರವನ್ನು ತನ್ನ ಹಣೆಗೇ ಹಚ್ಚಿಕೊಂಡ. ಅಂಗಳದವರಿಗೂ ಕೇಳಲೆಂದು ದನಿ ಎತ್ತರಿಸಿದ.

"ಯಾರೇ ಇರಲಿ. ಆ ಮನಿಗಿ ಇನ್ನ ಭಂಡಾರ ಇಲ್ಲ. ಆ ಮನಿ ನೀರು ಯಾರೂ ಕುಡಿಯಂಗಿಲ್ಲ. ಹೆಣ್ಣು ಕೊಡಂಗಿಲ್ಲ, ತರಂಗಿಲ್ಲ. ಮೈಲಾರಲಿಂಗನ ಆಣಿ."

ಶೃತಿ ಅಳುತ್ತಲೇ ಫೋನನ್ನು ಅವನ ಕೈಗಿಟ್ಟಳು.

ಯಂಕಪ್ಪ ಚಷ್ಮಾ ಏರಿಸಿಕೊಂಡ. ಸಂತೆಯ ಜಂಗುಳಿ. ನಡುವೆ ಕರಿ ಟಗರು, ಸೀಳಿದ ಬಲಗಿವಿ. ಕೊರಳಲ್ಲಿ ತನ್ನ ಹಟ್ಟಿಯದೇ ಹಗ್ಗ, ತಾನೇ ಹೊಸೆದದ್ದು. ಬೆರಳಿನಿಂದ ಚಿತ್ರವನ್ನು ಮೆಲ್ಲಗೆ ಸರಿಸುತ್ತಾ ಆ ಹಗ್ಗದ ಗುಂಟ ಹೋದ. ಹೊರಗೆ ಬೈಕು ಸ್ಟಾರ್ಟ್ ಆದ ಸದ್ದು ಕೇಳಿಸಿತು.

ಹಗ್ಗದ ತುದಿ ಹಿಡಿದು ನಗುತ್ತಾ ನಿಂತವನು ಭೀಮಾಶಂಕರ.